ಚೀಟಿಯೂ ಆಶ್ರಯವೂ: ಆಕ್ರಮಿತ ಹಾಲೆಂಡಿನಲ್ಲಿ ಯೆಹೂದ್ಯರ ರಕ್ಷಣೆಗೆ ನಡೆದ ಗುಪ್ತ ಪ್ರಯತ್ನಗಳು (೧೯೪೦–೧೯೪೫)

ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾದ ಪಶ್ಚಿಮ ಯೂರೋಪಿನ ದೇಶಗಳ ಪೈಕಿ ಹಾಲೆಂಡಿನ ಚರಿತ್ರೆಯು ಅಭ್ಯಾಸಿಯ ಮುಂದೆ ಒಂದಕ್ಕೊಂದು ಹೊಂದದಂತೆ ತೋರುವ ಎರಡು ಸಂಗತಿಗಳನ್ನು ಇರಿಸುತ್ತದೆ. ಪ್ರತಿಫಲವನ್ನು ಬಯಸದೆ, ಪ್ರಾಣದ ಹಂಗನ್ನು ತೊರೆದು ಯೆಹೂದ್ಯರನ್ನು ಕಾಪಾಡಿದ ಅನ್ಯಮತೀಯರನ್ನು ಇಸ್ರೇಲಿನ ಯಾದ್ ವಾಶೇಮ್ ಸಂಸ್ಥೆಯು ಗುರುತಿಸಿ ಗೌರವಿಸುತ್ತ ಬಂದಿದೆ. ಆ ಪಟ್ಟಿಯಲ್ಲಿ ಪೋಲೆಂಡಿನ ತರುವಾಯ ಎರಡನೆಯ ಸ್ಥಾನ ಹಾಲೆಂಡಿನದು. ಆ ಪುಟ್ಟ ದೇಶದ ೫,೯೦೦ಕ್ಕೂ ಹೆಚ್ಚು ಮಂದಿಯ ಹೆಸರುಗಳು ಅದರಲ್ಲಿವೆ. ಇದು ಮೊದಲನೆಯ ಸಂಗತಿ. ಎರಡನೆಯದು ಇದು: ಯುದ್ಧಾರಂಭದಲ್ಲಿ ಆ ದೇಶದಲ್ಲಿದ್ದ ಸುಮಾರು ೧,೪೦,೦೦೦ ಯೆಹೂದ್ಯರಲ್ಲಿ ಸುಮಾರು ೧,೦೨,೦೦೦ ಮಂದಿ ಹತರಾದರು. ಎಂದರೆ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು. ಬೆಲ್ಜಿಯಮ್ಮಿನಲ್ಲಿ ಈ ಪ್ರಮಾಣವು ಹತ್ತರಲ್ಲಿ ನಾಲ್ಕರಷ್ಟು, ಫ್ರಾನ್ಸಿನಲ್ಲಿ ನಾಲ್ಕರಲ್ಲಿ ಒಂದರಷ್ಟು, ಡೆನ್ಮಾರ್ಕಿನಲ್ಲಿ ಅತ್ಯಲ್ಪ. ಪಶ್ಚಿಮ ಯೂರೋಪಿನ ಯಾವ ಆಕ್ರಮಿತ ದೇಶದಲ್ಲಿಯೂ ಹಾಲೆಂಡಿನಷ್ಟು ಹಾನಿ ಸಂಭವಿಸಲಿಲ್ಲ.

ರಕ್ಷಕರು ಇಷ್ಟು ಮಂದಿ ಇದ್ದ ನಾಡಿನಲ್ಲಿ ರಕ್ಷಿತರು ಇಷ್ಟು ಕಡಮೆಯಾದುದೇಕೆ? ಪ್ರಕೃತ ಲೇಖನದ ಪ್ರಶ್ನೆ ಇದೇ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಚರಿತ್ರೆಯನ್ನು ಮೊದಲು ಕಾಣುವುದು ಆನ್ ಫ್ರಾಂಕ್ ಎಂಬ ಬಾಲಿಕೆಯ ದಿನಚರಿಯಲ್ಲಿ. ಅವಳ ಕುಟುಂಬವನ್ನು ೧೯೪೨ರ ಜುಲೈಯಿಂದ ಎರಡು ವರ್ಷಗಳ ಕಾಲ ಕಚೇರಿಯ ಹಿಂಗಟ್ಟಿನಲ್ಲಿ ಬಚ್ಚಿಟ್ಟು ಅನ್ನ ಒದಗಿಸಿದವರು ಅವಳ ತಂದೆಯ ಕಚೇರಿಯ ಡಚ್ ನೌಕರರು. ೧೯೪೪ರ ಆಗಸ್ಟ್ ೪ರಂದು ಅವರನ್ನು ಹಿಡಿದೊಯ್ಯಲು ಜರ್ಮನ್ ಅಧಿಕಾರಿಯೊಡನೆ ಬಂದವರು ಡಚ್ ಪೊಲೀಸರು. ಒಂದೇ ಮನೆಯ ಕಥೆಯಲ್ಲಿ ಎರಡು ಸಂಗತಿಗಳೂ ಅಡಗಿವೆ. ಒಂದು ಜನಾಂಗದ ಗುಣಾವಗುಣಗಳನ್ನು ತೂಗಿ ಇದಕ್ಕೆ ಉತ್ತರ ಹೇಳಹೊರಡುವುದು ಚರಿತ್ರಕಾರನಿಗೆ ತಕ್ಕ ಮಾರ್ಗವಲ್ಲ. ಆಡಳಿತದ ಕಾಗದಪತ್ರಗಳು ಯಾವ ವೇಗದಲ್ಲಿ ಸಿದ್ಧವಾದುವು, ಆಶ್ರಯದ ಗುಪ್ತ ಜಾಲವು ಯಾವ ವೇಗದಲ್ಲಿ ಬೆಳೆಯಿತು ಎಂಬ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರದ ಬಹುಭಾಗ ಗೋಚರವಾಗುತ್ತದೆ.

೧. ಆಡಳಿತ ಮತ್ತು ಗುರುತಿನ ಚೀಟಿ

ಜರ್ಮನ್ ಸೇನೆಯು ೧೯೪೦ರ ಮೇ ೧೦ರಂದು ಹಾಲೆಂಡನ್ನು ಹೊಕ್ಕಿತು. ಮೇ ೧೪ರಂದು ರಾಟರ್‌ಡಾಮ್ ನಗರವು ಬಾಂಬುಗಳಿಗೆ ಈಡಾಯಿತು. ಐದು ದಿನಗಳಲ್ಲಿ ಯುದ್ಧ ಮುಗಿಯಿತು. ರಾಣಿ ವಿಲ್ಹೆಲ್ಮಿನಾ ಮತ್ತು ಮಂತ್ರಿಮಂಡಲದವರು ಲಂಡನ್ನಿಗೆ ತೆರಳಿದರು. ಬೆಲ್ಜಿಯಮ್ಮಿನಲ್ಲಿ ಜರ್ಮನರು ಸೈನಿಕ ಆಡಳಿತವನ್ನು ಸ್ಥಾಪಿಸಿದರೆ, ಹಾಲೆಂಡಿನಲ್ಲಿ ಆರ್ಥರ್ ಸೈಸ್-ಇಂಕ್ವಾರ್ಟ್ ಎಂಬ ನಾಜಿ ಪಕ್ಷದ ಪ್ರಮುಖನ ಕೈಕೆಳಗೆ ನಾಗರಿಕ ಆಡಳಿತವನ್ನು ಏರ್ಪಡಿಸಿದರು. ಪಕ್ಷಕ್ಕೂ ಅದರ ಪೊಲೀಸ್ ದಳಗಳಿಗೂ ಇದರಿಂದ ಹೆಚ್ಚಿನ ಅವಕಾಶ ದೊರೆಯಿತು. ಡಚ್ ಇಲಾಖೆಗಳ ಕಾರ್ಯದರ್ಶಿಗಳು ತಮ್ಮ ತಮ್ಮ ಸ್ಥಾನಗಳಲ್ಲಿಯೇ ಮುಂದುವರಿದರು. ಆಕ್ರಮಣವಾದಲ್ಲಿ ಜನಹಿತಕ್ಕಾಗಿ ಅಧಿಕಾರಿಗಳು ಕೆಲಸದಲ್ಲಿ ಉಳಿಯಬಹುದೆಂದು ೧೯೩೭ರಲ್ಲಿಯೇ ಡಚ್ ಸರ್ಕಾರ ಸೂಚನೆ ನೀಡಿತ್ತು. ಉಳಿದವರು ಎಲ್ಲಿಯವರೆಗೆ ಉಳಿಯಬೇಕು, ಯಾವ ಆಜ್ಞೆ ಬಂದಾಗ ಎದ್ದು ಹೊರಡಬೇಕು ಎಂಬುದನ್ನು ತೀರ್ಮಾನಿಸುವ ಭಾರ ಅವರವರ ಮೇಲೆಯೇ ಬಿದ್ದಿತು.

ಆ ದೇಶದ ಜನಗಣನೆಯ ಕ್ರಮವು ಬೇರೆಡೆ ಕಾಣದಷ್ಟು ಅಚ್ಚುಕಟ್ಟಾಗಿದ್ದಿತು. ನಗರಸಭೆಗಳು ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ತಮ್ಮ ನಿವಾಸಿಗಳ ರಿಜಿಸ್ಟರನ್ನು ಬಿಡದೆ ನಡೆಸಿಕೊಂಡು ಬಂದಿದ್ದುವು. ಹತ್ತು ವರ್ಷಕ್ಕೊಮ್ಮೆ ನಡೆಯುವ ಖಾನೇಷುಮಾರಿಯಂತಲ್ಲದೆ, ಹುಟ್ಟು, ಸಾವು, ಮದುವೆ, ಮನೆ ಬದಲಾವಣೆಗಳೆಲ್ಲವೂ ಆಯಾ ಕಾಲಕ್ಕೆ ಅದರಲ್ಲಿ ದಾಖಲಾಗುತ್ತಿದ್ದುವು. ೧೯೩೦ರ ದಶಕದ ಕೊನೆಯಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಒಂದೊಂದು ಕಾರ್ಡು ಏರ್ಪಟ್ಟಿತು. ಅದರಲ್ಲಿ ಮತವನ್ನು ಬರೆಯುವ ಅಂಕಣವೂ ಇದ್ದಿತು. ಇದರಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ೧೭೯೬ರಿಂದ ಯೆಹೂದ್ಯರು ಅಲ್ಲಿ ಸಮಾನ ಪೌರರು. ತಮ್ಮ ಮತವನ್ನು ಸರ್ಕಾರದ ಕಾರ್ಡಿನಲ್ಲಿ ಬರೆಯಿಸಲು ಅವರು ಅಂಜಲಿಲ್ಲ.

ಈ ರಿಜಿಸ್ಟರುಗಳ ಮೇಲ್ವಿಚಾರಣಾಧಿಕಾರಿ ಯಾಕಬ್ ಲೆಂಟ್ಸ್ ಎಂಬಾತ. ಪ್ರತಿಯೊಬ್ಬ ಪೌರನೂ ಗುರುತಿನ ಚೀಟಿಯನ್ನು ಇಟ್ಟುಕೊಳ್ಳಬೇಕೆಂಬ ಅವನ ಯೋಜನೆಯನ್ನು ಯುದ್ಧಕ್ಕೆ ಮುನ್ನ ಡಚ್ ಸರ್ಕಾರವು ತಿರಸ್ಕರಿಸಿತ್ತು. ಪ್ರಜೆಗಳನ್ನು ಅಪರಾಧಿಗಳಂತೆ ಕಾಣುವುದು ದೇಶದ ಸಂಪ್ರದಾಯಕ್ಕೆ ಒಪ್ಪದೆಂಬುದು ಅದರ ಕಾರಣ. ಆಕ್ರಮಣಕಾರರು ಅದೇ ಯೋಜನೆಯನ್ನು ಸಂತೋಷದಿಂದ ಅಂಗೀಕರಿಸಿದರು. ೧೯೪೧ರಲ್ಲಿ ಜಾರಿಗೆ ಬಂದ ಈ ಚೀಟಿಯಲ್ಲಿ ಭಾವಚಿತ್ರ, ಬೆರಳಚ್ಚು, ನೀರಚ್ಚಿನ ಕಾಗದ ಎಲ್ಲವೂ ಇದ್ದು, ಅದರ ಕೃತಕ ಪ್ರತಿಯನ್ನು ಮಾಡುವುದು ಅತಿ ಕಷ್ಟವಾಗಿತ್ತು. ಯೆಹೂದ್ಯರ ಚೀಟಿಯ ಮೇಲೆ ‘ಜೆ’ ಎಂಬ ಅಕ್ಷರವನ್ನು ದೊಡ್ಡದಾಗಿ ಒತ್ತಿದರು. ಲೆಂಟ್ಸನು ನಾಜಿ ಪಕ್ಷದವನಲ್ಲ; ತನ್ನ ಕೆಲಸವನ್ನು ಪರಿಪೂರ್ಣವಾಗಿ ಮಾಡಬೇಕೆಂಬ ಹಟವುಳ್ಳ ಅಧಿಕಾರಿ. ಯುದ್ಧಾನಂತರ ನ್ಯಾಯಾಲಯವು ಅವನಿಗೆ ಮೂರು ವರ್ಷಗಳ ಸೆರೆಯನ್ನು ವಿಧಿಸಿತು.

೧೯೪೧ರ ಜನವರಿಯಲ್ಲಿ ಯೆಹೂದ್ಯರೆಲ್ಲರೂ ತಮ್ಮನ್ನು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆ ಹೊರಟಿತು. ಮಿಶ್ರ ಸಂತತಿಯವರೂ ಸೇರಿ ಸುಮಾರು ೧,೬೦,೦೦೦ ಮಂದಿ ನೋಂದಾಯಿಸಿಕೊಂಡರು, ತಪ್ಪಿಸಿಕೊಂಡವರು ವಿರಳ. ಅದೇ ವರ್ಷದ ಮೇ ತಿಂಗಳಲ್ಲಿ ಆಮ್‌ಸ್ಟರ್ಡಾಮ್ ನಗರಸಭೆಯ ನೌಕರರು ನಗರದ ಒಂದು ನಕ್ಷೆಯನ್ನು ತಯಾರಿಸಿ ಒಪ್ಪಿಸಿದರು. ಅದರ ಮೇಲಿನ ಒಂದೊಂದು ಚುಕ್ಕೆಯೂ ಹತ್ತು ಮಂದಿ ಯೆಹೂದ್ಯರ ಸಂಕೇತ. ಯೆಹೂದ್ಯರನ್ನು ಕೊಂಡೊಯ್ದ ಮೊದಲ ರೈಲು ಹೊರಡಲು ಆಗ ಇನ್ನೂ ಒಂದು ವರ್ಷಕ್ಕೂ ಹೆಚ್ಚಿನ ಕಾಲವಿದ್ದಿತು.

೨. ಮೊದಲ ಪ್ರತಿಭಟನೆಗಳು

ಡಚ್ಚರು ಮೌನವಾಗಿದ್ದರೆಂದು ಹೇಳಿದರೆ ಅನ್ಯಾಯವಾದೀತು. ೧೯೪೦ರ ಅಕ್ಟೋಬರಿನಲ್ಲಿ ಸರ್ಕಾರಿ ನೌಕರರೆಲ್ಲರೂ ತಾವು ‘ಆರ್ಯ’ರೋ ಅಲ್ಲವೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಯಿತು, ಬಹುತೇಕ ಎಲ್ಲರೂ ಸಹಿ ಹಾಕಿದರು. ಮುಂದಿನ ತಿಂಗಳು ಯೆಹೂದ್ಯ ನೌಕರರನ್ನು ಕೆಲಸದಿಂದ ತೆಗೆದಾಗ, ಲೈಡನ್ ವಿಶ್ವವಿದ್ಯಾನಿಲಯದ ಕಾನೂನು ವಿಭಾಗದ ಮುಖ್ಯಸ್ಥ ಪ್ರೊ. ಕ್ಲೇವರಿಂಗ ಅವರು ನವೆಂಬರ್ ೨೬ರಂದು ತುಂಬಿದ ಸಭಾಂಗಣದಲ್ಲಿ ನಿಂತು, ತಮ್ಮ ಗುರುಗಳೂ ಸಹೋದ್ಯೋಗಿಗಳೂ ಆಗಿದ್ದ ಪ್ರೊ. ಮೈಯರ್ಸ್ ಅವರ ಪಾಂಡಿತ್ಯವನ್ನು ವರ್ಣಿಸಿ, ಅವರನ್ನು ವಜಾ ಮಾಡಿದುದನ್ನು ಬಹಿರಂಗವಾಗಿ ಖಂಡಿಸಿದರು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ವಿಶ್ವವಿದ್ಯಾನಿಲಯವನ್ನು ಮುಚ್ಚಿ, ಕ್ಲೇವರಿಂಗ ಅವರನ್ನು ಸೆರೆಗೆ ಹಾಕಿದರು.

೧೯೪೧ರ ಫೆಬ್ರವರಿ ೨೨ ಮತ್ತು ೨೩ರಂದು ಆಮ್‌ಸ್ಟರ್ಡಾಮಿನ ಯೆಹೂದ್ಯರ ಕೇರಿಯಲ್ಲಿ ನಾನೂರಕ್ಕೂ ಹೆಚ್ಚು ತರುಣರನ್ನು ಹಿಡಿದೊಯ್ದರು. ಅವರಲ್ಲಿ ಬದುಕಿ ಬಂದವರು ಇಲ್ಲವೆಂಬಷ್ಟು ಕಡಮೆ. ಈ ದೃಶ್ಯವನ್ನು ಕಂಡ ನಗರದ ಕಾರ್ಮಿಕರು ಫೆಬ್ರವರಿ ೨೫ರಂದು ಕೆಲಸ ನಿಲ್ಲಿಸಿದರು. ಟ್ರಾಮುಗಳು ನಿಂತುವು, ಹಡಗುಕಟ್ಟೆಗಳು ಬರಿದಾದುವು, ಮುಷ್ಕರವು ಸುತ್ತಲಿನ ಊರುಗಳಿಗೂ ಹಬ್ಬಿತು. ಯೆಹೂದ್ಯರ ಮೇಲಿನ ಹಿಂಸೆಯನ್ನು ಪ್ರತಿಭಟಿಸಿ ಆಕ್ರಮಿತ ಯೂರೋಪಿನಲ್ಲಿ ಇಂತಹ ಸಾರ್ವತ್ರಿಕ ಮುಷ್ಕರವು ಬೇರೆಲ್ಲಿಯೂ ನಡೆಯಲಿಲ್ಲ. ಜರ್ಮನರು ಎರಡೇ ದಿನಗಳಲ್ಲಿ ಅದನ್ನು ಗುಂಡಿನಿಂದ ಅಡಗಿಸಿದರು.

ಈ ಎರಡು ಪ್ರತಿಭಟನೆಗಳೂ ಮುಕ್ತ ಸಮಾಜದ ಮಾರ್ಗಗಳು: ಒಂದು ಭಾಷಣ, ಇನ್ನೊಂದು ಮುಷ್ಕರ. ಕಾನೂನನ್ನು ಗೌರವಿಸುವ ಜನರಿಗೆ ಇವು ಪರಿಚಿತವಾಗಿದ್ದುವು. ಸುಳ್ಳು ಚೀಟಿ, ಕದ್ದ ಮೊಹರು, ತೆಗೆದುಹಾಕಿದ ಕಾರ್ಡು ಇವುಗಳ ವಿದ್ಯೆಯನ್ನು ಅವರು ಹೊಸದಾಗಿ ಕಲಿಯಬೇಕಾಗಿತ್ತು.

೩. ಅಡಗುವುದೆಂದರೆ ಏನು?

೧೯೪೨ರ ಮೇ ತಿಂಗಳಿಂದ ಯೆಹೂದ್ಯರು ಹಳದಿ ನಕ್ಷತ್ರವನ್ನು ಧರಿಸಬೇಕಾಯಿತು. ಜುಲೈ ೧೫ರಂದು ವೆಸ್ಟರ್‌ಬೋರ್ಕ್ ಶಿಬಿರದಿಂದ ಮೊದಲ ರೈಲು ಔಷ್ವಿಟ್ಸಿನ ಕಡೆಗೆ ಹೊರಟಿತು. ‘ಜರ್ಮನಿಯಲ್ಲಿ ಕೆಲಸ’ ಎಂಬುದು ಹೊರಗೆ ಹೇಳಿದ ಕಾರಣ. ಕರೆಪತ್ರಗಳು ಒಂದೊಂದು ವಿಳಾಸಕ್ಕೂ ತಪ್ಪದೆ ತಲಪಿದುವು. ಆ ವರ್ಷದ ಕೊನೆಯ ವೇಳೆಗೆ ೪೦,೦೦೦ದ ಸಮೀಪದಷ್ಟು ಜನ ಗಡೀಪಾರಾಗಿದ್ದರು. ಜರ್ಮನರ ಆಜ್ಞೆಯಂತೆ ೧೯೪೧ರಲ್ಲಿ ರಚಿತವಾಗಿದ್ದ ಯೆಹೂದ್ಯ ಮಂಡಲಿಯು ಕೆಲವರಿಗೆ ತಾತ್ಕಾಲಿಕ ವಿನಾಯಿತಿಯ ಮೊಹರನ್ನು ದೊರಕಿಸುತ್ತಿತ್ತು. ಆ ಮೊಹರನ್ನು ನಂಬಿ ಕಾದವರು ಅನೇಕರು. ಮೊಹರುಗಳು ಒಂದೊಂದಾಗಿ ರದ್ದಾದುವು.

ಹೋಗದೆ ಉಳಿಯಬೇಕೆಂದವನಿಗೆ ಇದ್ದ ದಾರಿ ಭೂಗತನಾಗುವುದು. ಡಚ್ ಭಾಷೆಯಲ್ಲಿ ಇದಕ್ಕೆ ನೀರಲ್ಲಿ ಮುಳುಗುವುದು ಎಂಬರ್ಥದ ಮಾತು ರೂಢಿಗೆ ಬಂದಿತು. ದೇಶವು ಸಮತಟ್ಟಾದುದು, ಜನನಿಬಿಡವಾದುದು. ಅಡಗಲು ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ಪೂರ್ವದಲ್ಲಿ ಜರ್ಮನಿ, ಪಶ್ಚಿಮದಲ್ಲಿ ಕಾವಲಿಟ್ಟ ಸಮುದ್ರ, ದಕ್ಷಿಣದಲ್ಲಿ ಆಕ್ರಮಿತ ಬೆಲ್ಜಿಯಮ್. ಆದುದರಿಂದ ಅಡಗುವ ತಾಣವೆಂದರೆ ಇನ್ನೊಬ್ಬರ ಮನೆಯೇ. ಮನೆ ಸಿಕ್ಕಿದರೂ ಸಾಲದು. ಆಹಾರವೆಲ್ಲ ಪಡಿತರದ ಮೇಲೆ ದೊರೆಯುತ್ತಿದ್ದುದರಿಂದ ಪ್ರತಿ ತಿಂಗಳೂ ಪಡಿತರದ ಚೀಟಿ ಬೇಕು. ದಾರಿಯಲ್ಲಿ ತಡೆದರೆ ತೋರಿಸಲು ‘ಜೆ’ ಅಕ್ಷರವಿಲ್ಲದ ಗುರುತಿನ ಚೀಟಿ ಬೇಕು. ಬಡ ಮನೆಯವರಿಗೆ ಕೊಡಲು ಹಣ ಬೇಕು. ಕಾಯಿಲೆಗೆ ಬಾಯಿ ಬಿಡದ ವೈದ್ಯ ಬೇಕು. ಸತ್ತರೆ ಗುಟ್ಟಾಗಿ ಹೂಳುವ ನೆಲ ಬೇಕು. ನೆರೆಯವರು ಕಂಡರೂ ಕಾಣದಂತಿರಬೇಕು. ಒಂದು ಮನೆಯ ಮೇಲೆ ಸಂಶಯ ಬಿದ್ದರೆ ಅದೇ ರಾತ್ರಿ ಮತ್ತೊಂದು ಮನೆ ಸಿದ್ಧವಿರಬೇಕು. ಹೀಗೆ ಒಬ್ಬ ವ್ಯಕ್ತಿಯ ಉಳಿವಿಗೆ ಹತ್ತಾರು ಕೈಗಳು ಬೇಕಾಗಿದ್ದುವು. ೧೯೪೨ರ ಬೇಸಿಗೆಯಲ್ಲಿ ಅಷ್ಟು ಕೈಗಳನ್ನು ಒಂದುಗೂಡಿಸುವ ಸಂಸ್ಥೆ ಯಾವುದೂ ಇರಲಿಲ್ಲ.

ಇದ್ದುವು ಸಣ್ಣ ಸಣ್ಣ ಗುಂಪುಗಳು ಮಾತ್ರ. ಅವುಗಳಲ್ಲಿ ಒಂದು ಯೋಪ್ ವೆಸ್ಟರ್‌ವೇಲ್ ಎಂಬ ಶಾಲಾ ಉಪಾಧ್ಯಾಯನದು. ಪ್ಯಾಲೆಸ್ಟೈನಿಗೆ ಹೋಗಿ ಬೇಸಾಯ ಮಾಡಲೆಂದು ಲೋಸ್‌ಡ್ರೆಕ್ಟಿನಲ್ಲಿ ತರಬೇತು ಹೊಂದುತ್ತಿದ್ದ ಸುಮಾರು ಐವತ್ತು ಮಂದಿ ಯೆಹೂದ್ಯ ತರುಣರಿಗೆ ೧೯೪೨ರ ಆಗಸ್ಟಿನಲ್ಲಿ ಗಡೀಪಾರಿನ ಸುಳಿವು ದೊರೆತಾಗ, ಅವರ ಮುಂದಾಳುಗಳಲ್ಲಿ ಒಬ್ಬನಾದ ಯೋಆಖಿಮ್ ಸಿಮೊನನು ವೆಸ್ಟರ್‌ವೇಲನ ನೆರವಿನಿಂದ ಅವರನ್ನು ಮನೆಮನೆಗಳಲ್ಲಿ ಚದುರಿಸಿದನು. ಮುಂದೆ ಈ ಗುಂಪು ಬೆಲ್ಜಿಯಮ್ ಮತ್ತು ಫ್ರಾನ್ಸುಗಳನ್ನು ಹಾಯ್ದು ಸ್ಪೇನಿನವರೆಗೆ ದಾರಿಯನ್ನು ಕಂಡುಕೊಂಡಿತು. ಸೆರೆಸಿಕ್ಕ ಸಿಮೊನನು ೧೯೪೩ರ ಜನವರಿಯಲ್ಲಿ, ಜೊತೆಗಾರರ ಹೆಸರು ಬಾಯಿಂದ ಬಿದ್ದೀತೆಂಬ ಭಯದಿಂದ, ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡನು. ವೆಸ್ಟರ್‌ವೇಲನನ್ನು ೧೯೪೪ರ ಆಗಸ್ಟಿನಲ್ಲಿ ಫ್ಯುಗ್ಟ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ರಕ್ಷಣೆಯ ಚರಿತ್ರೆಯಲ್ಲಿ ಯೆಹೂದ್ಯರು ಕೇವಲ ರಕ್ಷಿತರಾಗಿರಲಿಲ್ಲ, ರಕ್ಷಕರೂ ಆಗಿದ್ದರು ಎಂಬುದಕ್ಕೆ ಸಿಮೊನನು ಒಂದು ನಿದರ್ಶನ. ಅದಕ್ಕಿಂತ ದೊಡ್ಡ ನಿದರ್ಶನವು ಆಮ್‌ಸ್ಟರ್ಡಾಮಿನ ಒಂದು ಶಿಶುವಿಹಾರದಲ್ಲಿದೆ.

೪. ಶಿಶುವಿಹಾರದ ಮಕ್ಕಳು

ನಗರದ ಪ್ಲಾಂಟಾಜ ಎಂಬ ಭಾಗದಲ್ಲಿ ‘ಹಾಲಂಡ್ಸ ಸ್ಖೌಬುರ್ಗ್’ ಎಂಬ ನಾಟಕಶಾಲೆಯಿದ್ದಿತು. ೧೯೪೨ರ ಬೇಸಿಗೆಯಿಂದ ಜರ್ಮನರು ಅದನ್ನು ಬಂಧಿತ ಯೆಹೂದ್ಯರನ್ನು ಕೂಡಿಹಾಕುವ ಸ್ಥಳವನ್ನಾಗಿ ಮಾಡಿಕೊಂಡರು. ಇಕ್ಕಟ್ಟಿನಲ್ಲಿ ಮಕ್ಕಳ ಅಳು ಹೆಚ್ಚಾದಾಗ ಚಿಕ್ಕ ಮಕ್ಕಳನ್ನು ಬೀದಿಯ ಆಚೆಗಿದ್ದ ಯೆಹೂದ್ಯ ಶಿಶುವಿಹಾರಕ್ಕೆ ಸಾಗಿಸಿದರು. ಶಿಶುವಿಹಾರದ ನಿರ್ದೇಶಕಿ ಹೆನ್ರಿಯೆಟ್ ಪಿಮೆಂಟೆಲ್; ನಾಟಕಶಾಲೆಯ ಒಳಾಡಳಿತವನ್ನು ಯೆಹೂದ್ಯ ಮಂಡಲಿಯ ಪರವಾಗಿ ನೋಡಿಕೊಳ್ಳುತ್ತಿದ್ದವನು ಜರ್ಮನಿಯಿಂದ ಆಶ್ರಯ ಬೇಡಿ ಬಂದಿದ್ದ ವಾಲ್ಟರ್ ಸ್ಯೂಸ್‌ಕಿಂಡ್. ಇಬ್ಬರೂ ಯೆಹೂದ್ಯರು. ಶಿಶುವಿಹಾರದ ಪಕ್ಕದಲ್ಲಿದ್ದುದು ಒಂದು ಉಪಾಧ್ಯಾಯರ ತರಬೇತಿ ಕಾಲೇಜು. ಅದರ ಮುಖ್ಯಸ್ಥ ಯೋಹಾನ್ ಫಾನ್ ಹುಲ್ಸ್ಟ್ ಎಂಬ ತರುಣ ಅಧ್ಯಾಪಕ.

ಇವರು ಅನುಸರಿಸಿದ ಕ್ರಮದಲ್ಲಿ ಕಾರ್ಡಿಗೇ ಮೊದಲ ಸ್ಥಾನ. ಒಂದು ಮಗುವನ್ನು ಹೊರಗೆ ಸಾಗಿಸುವ ಮುನ್ನ ಅದರ ಹೆಸರು ಪಟ್ಟಿಯಿಂದ ಮಾಯವಾಗಬೇಕು. ಇಲ್ಲವಾದರೆ ರೈಲು ಹೊರಡುವಾಗ ಎಣಿಕೆ ತಪ್ಪುತ್ತದೆ. ಸ್ಯೂಸ್‌ಕಿಂಡನೂ ಅವನ ಸಹಾಯಕನಾದ ಫೆಲಿಕ್ಸ್ ಹಾಲ್ವರ್‌ಸ್ಟಾಡನೂ ಕಾರ್ಡುಗಳನ್ನು ತೆಗೆದು ಲೆಕ್ಕವನ್ನು ಸರಿಹೊಂದಿಸುತ್ತಿದ್ದರು. ಜರ್ಮನ್ ಅಧಿಕಾರಿಗಳೊಡನೆ ಅವರದೇ ಭಾಷೆಯಲ್ಲಿ ಸ್ನೇಹದಿಂದ ಮಾತನಾಡುತ್ತಿದ್ದ ಸ್ಯೂಸ್‌ಕಿಂಡನನ್ನು ಕಂಡು, ಒಳಗಿನ ವಿಷಯ ತಿಳಿಯದ ಅನೇಕ ಯೆಹೂದ್ಯರು ಅವನನ್ನು ದ್ರೋಹಿಯೆಂದೇ ಭಾವಿಸಿದ್ದರು. ಇದಕ್ಕೂ ಮೊದಲು ತಂದೆತಾಯಿಗಳ ಒಪ್ಪಿಗೆ ಬೇಕಾಗಿತ್ತು. ಎಲ್ಲಿಗೆ ಹೋಗುವುದೆಂದು ತಿಳಿಯದವರು ತಮ್ಮ ಮಗುವನ್ನು ಹೆಸರರಿಯದ ಅಪರಿಚಿತರಿಗೆ ಒಪ್ಪಿಸಬೇಕಾಗಿತ್ತು. ಒಲ್ಲೆವೆಂದವರೇ ಹಲವರು. ಒಪ್ಪಿದ ತಾಯಂದಿರು ಕಾವಲುಗಾರರ ಕಣ್ಣಿಗೆ ಮಗುವಿನಂತೆ ಕಾಣಲೆಂದು ಬಟ್ಟೆಯಲ್ಲಿ ಸುತ್ತಿದ ಬೊಂಬೆಯನ್ನು ಎತ್ತಿಕೊಂಡು ರೈಲು ಹತ್ತಿದುದುಂಟು.

ಹೊರಗೊಯ್ಯುವ ಬಗೆಗಳು ಸರಳವಾಗಿದ್ದುವು. ಬಟ್ಟೆಯ ಬುಟ್ಟಿ, ಬೆನ್ನುಚೀಲ, ಗೋಣಿಚೀಲಗಳಲ್ಲಿ ಕೂಸುಗಳನ್ನು ಸಾಗಿಸಿದರು. ಶಿಶುವಿಹಾರದ ಮುಂದೆ ಟ್ರಾಮು ಬಂದು ನಿಂತಾಗ ಎದುರಿನ ಕಾವಲುಗಾರನ ದೃಷ್ಟಿ ಮರೆಯಾಗುತ್ತಿತ್ತು. ಆ ಕ್ಷಣದಲ್ಲಿ ಮಗುವಿನೊಡನೆ ಹೊರಬಿದ್ದವರು ಟ್ರಾಮಿನ ಮರೆಯಲ್ಲಿ ಬೀದಿಯ ತಿರುವನ್ನು ಸೇರುತ್ತಿದ್ದರು. ಹಿತ್ತಲಿನ ಬೇಲಿಯ ಮೇಲಿಂದ ದಾಟಿಸಿದ ಮಕ್ಕಳು ಫಾನ್ ಹುಲ್ಸ್ಟನ ಕಾಲೇಜಿನ ಕೊಠಡಿಯಲ್ಲಿ ತಂಗುತ್ತಿದ್ದರು. ಒಮ್ಮೆ ಪರೀಕ್ಷೆಯ ತನಿಖೆಗೆ ಬಂದ ಅಧಿಕಾರಿಯೊಬ್ಬನು ಅಳುವನ್ನು ಕೇಳಿ ವಿಚಾರಿಸಿ, ಎಚ್ಚರಿಕೆಯಿಂದಿರಿ ಎಂದಷ್ಟೇ ಹೇಳಿ ಹೋದನೆಂದು ಫಾನ್ ಹುಲ್ಸ್ಟ್ ಮುಂದೆ ನೆನೆದಿದ್ದಾರೆ.

ಅಲ್ಲಿಂದ ಮುಂದಿನ ಭಾರ ವಿದ್ಯಾರ್ಥಿಗಳದು. ಉಟ್ರೆಕ್ಟಿನ ಮಕ್ಕಳ ಸಮಿತಿ, ಆಮ್‌ಸ್ಟರ್ಡಾಮಿನ ವಿದ್ಯಾರ್ಥಿ ಗುಂಪು, ಯಾಪ್ ಮುಷ್ ಮತ್ತು ಯೋಪ್ ವೋರ್ಟ್‌ಮನ್ ಮೊದಲಾದವರ ‘ಎನ್.ವಿ.’ ಗುಂಪು, ಟ್ರೌ ಎಂಬ ಗುಪ್ತ ಪತ್ರಿಕೆಯ ಗುಂಪು ಇವು ಮಕ್ಕಳನ್ನು ಪ್ರಾಂತಗಳಿಗೆ ಒಯ್ದುವು. ಮಗುವಿನೊಡನೆ ರೈಲಿನಲ್ಲಿ ಹೋಗುವ ತರುಣಿಯ ಮೇಲೆ ಯಾರಿಗೂ ಸಂಶಯ ಬಾರದಾದ್ದರಿಂದ ಈ ಕೆಲಸದಲ್ಲಿ ವಿದ್ಯಾರ್ಥಿನಿಯರೇ ಮುಂದಾದರು. ಹೊಂಗೂದಲ ಮಕ್ಕಳು ಉತ್ತರದ ಫ್ರೀಸ್‌ಲ್ಯಾಂಡಿಗೂ ಕಪ್ಪು ಕೂದಲಿನವರು ದಕ್ಷಿಣದ ಲಿಂಬರ್ಗಿನ ಗಣಿಯೂರುಗಳಿಗೂ ಹೋದರು. ನೆರೆಯ ಮಕ್ಕಳೊಡನೆ ಬೆರೆತು ಕಾಣಲೆಂಬುದು ಉದ್ದೇಶ. ಉಟ್ರೆಕ್ಟಿನವರ ಖರ್ಚಿಗೆ ಆರ್ಚ್‌ಬಿಷಪ್ ಡಿ ಯೋಂಗ್ ಹಣವಿತ್ತರು. ಯಾನ್ ಕಾಂಪರ್ಟನು ಮರಣದಂಡನೆಗೀಡಾದ ಹದಿನೆಂಟು ಮಂದಿಯನ್ನು ಕುರಿತು ಬರೆದ ಕವಿತೆಯನ್ನು ಗುಪ್ತವಾಗಿ ಅಚ್ಚುಹಾಕಿ ಮಾರಿದ ಹಣವೂ ಇದಕ್ಕೆ ವಿನಿಯೋಗವಾಯಿತು.

ಹೀಗೆ ಸುಮಾರು ೬೦೦ ಮಕ್ಕಳು ಉಳಿದರು. ಪಿಮೆಂಟೆಲಳನ್ನು ೧೯೪೩ರ ಜುಲೈಯಲ್ಲಿ ಹಿಡಿದೊಯ್ದು ಔಷ್ವಿಟ್ಸಿನಲ್ಲಿ ಕೊಂದರು. ಸೆಪ್ಟೆಂಬರ್ ೨೯ರಂದು ಶಿಶುವಿಹಾರವನ್ನು ಬರಿದುಮಾಡಿದರು. ಆಗ ಫಾನ್ ಹುಲ್ಸ್ಟ್ ಕೊನೆಯದಾಗಿ ಹನ್ನೆರಡು ಮಕ್ಕಳನ್ನು ಮಾತ್ರ ಕರೆದುಕೊಂಡು ಹೊರಬರಬಲ್ಲವನಾದನು. ಹದಿಮೂರನೆಯ ಮಗುವನ್ನೇಕೆ ತರಲಿಲ್ಲವೆಂಬ ಪ್ರಶ್ನೆಯು ತನ್ನನ್ನು ಬಿಡಲಿಲ್ಲವೆಂದು ೧೦೭ ವರ್ಷ ಬಾಳಿ ೨೦೧೮ರಲ್ಲಿ ತೀರಿಕೊಂಡ ಈ ಅಧ್ಯಾಪಕರು ಹೇಳುತ್ತಿದ್ದರು. ಸ್ಯೂಸ್‌ಕಿಂಡನೂ ಅವನ ಹೆಂಡತಿ ಮತ್ತು ಮಗಳೂ ಗಡೀಪಾರಾದರು. ಮೂವರಲ್ಲಿ ಯಾರೂ ಹಿಂದಿರುಗಲಿಲ್ಲ.

೫. ಕಾರ್ಡುಗಳ ಮೇಲಿನ ಯುದ್ಧ

ಶಿಶುವಿಹಾರದಲ್ಲಿ ಒಂದೊಂದಾಗಿ ನಡೆದ ಕೆಲಸವನ್ನು ಒಟ್ಟಾಗಿ ಸಾಧಿಸಲು ಕೆಲವು ಕಲಾವಿದರು ಯತ್ನಿಸಿದರು. ಶಿಲ್ಪಿ ಗೆರಿಟ್ ಫಾನ್ ಡೆರ್ ವೇನ್ ೧೯೪೨ರಲ್ಲಿ ಗುರುತಿನ ಚೀಟಿಗಳ ಒಂದು ಗುಪ್ತ ಕಾರ್ಖಾನೆಯನ್ನೇ ಹೂಡಿದನು. ಅಲ್ಲಿಂದ ಹತ್ತಾರು ಸಾವಿರ ಕೃತಕ ಚೀಟಿಗಳು ಹೊರಬಂದುವು. ಆದರೆ ಸಂಶಯಗೊಂಡ ಪೊಲೀಸರು ಚೀಟಿಯನ್ನು ನಗರದ ರಿಜಿಸ್ಟರಿನೊಡನೆ ತಾಳೆ ನೋಡಿದರೆ ಮೋಸ ಬಯಲಾಗುತ್ತಿತ್ತು. ಆದುದರಿಂದ ರಿಜಿಸ್ಟರೇ ಇಲ್ಲವಾಗಬೇಕು ಎಂದು ಅವನೂ ಚಿತ್ರಕಾರನೂ ಲೇಖಕನೂ ಆದ ವಿಲ್ಲೆಮ್ ಆರೊಂಡೇಯಸನೂ ನಿರ್ಧರಿಸಿದರು.

೧೯೪೩ರ ಮಾರ್ಚ್ ೨೭ರ ರಾತ್ರಿ ಪೊಲೀಸರ ವೇಷದಲ್ಲಿ ಅವರ ತಂಡವು ಆಮ್‌ಸ್ಟರ್ಡಾಮಿನ ನೋಂದಣಿ ಕಚೇರಿಯನ್ನು ಹೊಕ್ಕಿತು. ಉಡುಪುಗಳನ್ನು ಹೊಲಿದವನು ಅವರ ಗೆಳೆಯನಾದ ಒಬ್ಬ ದರ್ಜಿ. ವೈದ್ಯ ವಿದ್ಯಾರ್ಥಿಗಳು ಕಾವಲುಗಾರರಿಗೆ ನಿದ್ರೆಯ ಮದ್ದು ಚುಚ್ಚಿ, ಅವರನ್ನು ಪಕ್ಕದ ಮೃಗಶಾಲೆಯ ಆವರಣದಲ್ಲಿ ಸುರಕ್ಷಿತವಾಗಿ ಮಲಗಿಸಿದರು. ಯಾರ ಪ್ರಾಣಕ್ಕೂ ಅಪಾಯವಾಗಬಾರದೆಂಬುದು ತಂಡದ ನಿಯಮವಾಗಿತ್ತು. ಕಾರ್ಡುಗಳನ್ನು ನೆಲಕ್ಕೆ ಸುರಿದು ಸಿಡಿಮದ್ದಿನಿಂದ ಬೆಂಕಿಯಿಟ್ಟರು. ಅಗ್ನಿಶಾಮಕ ದಳದವರು ಬೇಕೆಂದೇ ತಡವಾಗಿ ಬಂದರು. ಬಂದ ಮೇಲೆ, ಸುಡದೆ ಉಳಿದವು ನೆಂದು ಹಾಳಾಗಲೆಂದು ಧಾರಾಳವಾಗಿ ನೀರು ಹೊಯ್ದರು. ಇಷ್ಟಾದರೂ ನಾಶವಾದುದು ಸುಮಾರು ಶೇಕಡಾ ೧೫ ಮಾತ್ರ. ಒತ್ತಾಗಿ ಜೋಡಿಸಿದ ಕಾಗದವು ಸುಲಭವಾಗಿ ಸುಡುವುದಿಲ್ಲ. ಕೆಲವೇ ದಿನಗಳಲ್ಲಿ ತಂಡದವರು ಸಿಕ್ಕಿಬಿದ್ದರು. ಆರೊಂಡೇಯಸನು ಹೊಣೆಯನ್ನೆಲ್ಲ ತನ್ನ ಮೇಲೆ ಹೊತ್ತುಕೊಂಡನು. ಜುಲೈ ೧ರಂದು ಅವನೂ ಸೇರಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಂದರು. ಆಗ ತಪ್ಪಿಸಿಕೊಂಡಿದ್ದ ಫಾನ್ ಡೆರ್ ವೇನ್ ೧೯೪೪ರ ಜೂನಿನಲ್ಲಿ ಅದೇ ಗತಿಯನ್ನು ಕಂಡನು.

ಗುರುತಿನ ಚೀಟಿಗಳ ಜೋಡಿ ಪ್ರತಿಗಳು ಹೇಗ್ ನಗರದ ಕ್ಲೈಕಾಂಪ್ ಎಂಬ ಭವನದಲ್ಲಿದ್ದುವು. ಗುಪ್ತದಳದವರ ಬೇಡಿಕೆಯಂತೆ ಬ್ರಿಟಿಷ್ ವಿಮಾನಗಳು ೧೯೪೪ರ ಏಪ್ರಿಲ್ ೧೧ರಂದು ಆ ಭವನದ ಮೇಲೆ ಬಾಂಬು ಹಾಕಿದುವು. ದಾಖಲೆಗಳ ಒಂದು ದೊಡ್ಡ ಭಾಗ ಸುಟ್ಟಿತು; ಕೆಲಸದಲ್ಲಿದ್ದ ಸುಮಾರು ಅರುವತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ದಿನದ ವೇಳೆಗೆ ಹಾಲೆಂಡಿನ ಯೆಹೂದ್ಯರಲ್ಲಿ ಬಹುಪಾಲು ಗಡೀಪಾರಾಗಿ ಹೋಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

೬. ರಾಷ್ಟ್ರೀಯ ಸಂಘಟನೆ ಮತ್ತು ಅದರ ಕಾಲ

ಅಡಗಿದವರಿಗೆ ನೆರವಾಗಲು ದೇಶವ್ಯಾಪಿಯಾದ ಸಂಸ್ಥೆಯೊಂದು ರೂಪುಗೊಳ್ಳತೊಡಗಿದುದು ೧೯೪೨ರ ಕೊನೆಯಲ್ಲಿ. ವಿಂಟರ್ಸ್‌ವೈಕ್ ಎಂಬ ಊರಿನ ಗೃಹಿಣಿ ಹೆಲೆನಾ ಕೈಪರ್ಸ್-ರೀಟ್‌ಬರ್ಗ್ ಮತ್ತು ಊರೂರು ಸುತ್ತಿ ಜನರನ್ನು ಎಚ್ಚರಿಸಿದ ಪಾದ್ರಿ ಫ್ರಿಟ್ಸ್ ಸ್ಲೋಂಪ್ ಇದಕ್ಕೆ ಮೂಲಪುರುಷರು. ಇಷ್ಟು ಊರಿನಲ್ಲಿ ಇಷ್ಟು ಮನೆ ಖಾಲಿ, ಇಷ್ಟು ಮಂದಿಗೆ ಮನೆ ಬೇಕು ಎಂಬ ಲೆಕ್ಕವನ್ನು ಪ್ರತಿನಿಧಿಗಳು ಗುಟ್ಟಾಗಿ ಸೇರಿ ವಿನಿಮಯ ಮಾಡಿಕೊಳ್ಳುತ್ತಿದ್ದ ಕೂಟಕ್ಕೆ ಅವರಲ್ಲಿ ಪೇಟೆ ಎಂದೇ ಹೆಸರು. ಇದರ ಜೊತೆಗೆ ಹುಟ್ಟಿದ ಶಸ್ತ್ರಧಾರಿ ತಂಡಗಳು ಪಡಿತರ ಕಚೇರಿಗಳನ್ನು ಲೂಟಿಮಾಡಿ ಚೀಟಿಗಳನ್ನು ಒದಗಿಸಿದುವು. ಬ್ಯಾಂಕುದಾರ ವಾಲ್ರಾವೆನ್ ಫಾನ್ ಹಾಲ್ ಗುಪ್ತನಿಧಿಯೊಂದನ್ನು ಕಟ್ಟಿ ಹಣದ ಕೊರತೆಯನ್ನು ನೀಗಿಸಿದನು. ಕೈಪರ್ಸ್-ರೀಟ್‌ಬರ್ಗ್ ರಾವೆನ್ಸ್‌ಬ್ರ್ಯೂಕ್ ಶಿಬಿರದಲ್ಲಿ ತೀರಿಕೊಂಡಳು. ಫಾನ್ ಹಾಲನನ್ನು ೧೯೪೫ರ ಫೆಬ್ರವರಿಯಲ್ಲಿ ಕೊಂದರು.

ಸಂಸ್ಥೆಯು ನಿಜವಾಗಿ ಬೆಳೆದುದು ೧೯೪೩ರ ವಸಂತದ ತರುವಾಯ. ಆಗ ನಡೆದುದೇನು? ವಿದ್ಯಾರ್ಥಿಗಳು ನಿಷ್ಠಾಪತ್ರಕ್ಕೆ ಸಹಿ ಹಾಕಬೇಕೆಂಬ ಆಜ್ಞೆ ಬಂದಿತು; ನೂರಕ್ಕೆ ಎಂಬತ್ತೈದರಷ್ಟು ಮಂದಿ ನಿರಾಕರಿಸಿದರು. ಬಿಡುಗಡೆಯಾಗಿದ್ದ ಡಚ್ ಸೈನಿಕರು ಮರಳಿ ಸೆರೆಗೆ ಹೋಗಬೇಕೆಂಬ ಆಜ್ಞೆ ಬಂದಿತು. ಏಪ್ರಿಲ್ ೨೯ರಿಂದ ದೇಶದಾದ್ಯಂತ ಮುಷ್ಕರ ಹಬ್ಬಿತು. ಮೇ ತಿಂಗಳಲ್ಲಿ ಹದಿನೆಂಟರಿಂದ ಮೂವತ್ತೈದು ವಯಸ್ಸಿನ ಗಂಡಸರೆಲ್ಲರೂ ಜರ್ಮನಿಯ ಕೆಲಸಕ್ಕೆ ಹೆಸರು ಕೊಡಬೇಕಾಯಿತು. ಅಡಗುವ ಅಗತ್ಯವು ಈಗ ಪ್ರತಿ ಹಳ್ಳಿಯ, ಪ್ರತಿ ಚರ್ಚಿನ ಮನೆಗಳಿಗೂ ಬಂದಿತು. ಎರಡು ಲಕ್ಷಕ್ಕೂ ಹೆಚ್ಚು ಮಂದಿಗೆ ಆಶ್ರಯ ಒದಗಿಸಿದ ಕೀರ್ತಿ ಈ ಸಂಸ್ಥೆಗೆ ಸಲ್ಲುತ್ತದೆ. ಆದರೆ ಅವರಲ್ಲಿ ಬಹುಪಾಲು ಯೆಹೂದ್ಯೇತರ ಡಚ್ ತರುಣರು. ೧೯೪೩ರ ಮಾರ್ಚಿನಿಂದ ಜುಲೈವರೆಗೆ ಸುಮಾರು ೩೪,೦೦೦ ಮಂದಿ ಯೆಹೂದ್ಯರು ಸೋಬಿಬೋರಿಗೆ ಸಾಗಿಹೋದರು. ಜಾಲವು ನೇಯುತ್ತಿದ್ದಂತೆಯೇ ಉಳಿಸಬೇಕಾದವರು ಕಣ್ಮರೆಯಾಗುತ್ತಿದ್ದರು. ರೈಲುಗಳನ್ನು ಓಡಿಸಿದವರು ಡಚ್ ರೈಲ್ವೆ ನೌಕರರು. ಅವರು ಲಂಡನ್ನಿನ ಕರೆಗೆ ಓಗೊಟ್ಟು ಮುಷ್ಕರ ಹೂಡಿದುದು ೧೯೪೪ರ ಸೆಪ್ಟೆಂಬರ್ ೧೭ರಂದು. ವೆಸ್ಟರ್‌ಬೋರ್ಕಿನಿಂದ ಕೊನೆಯ ರೈಲು ಅದಕ್ಕೆ ನಾಲ್ಕು ದಿನಗಳ ಮುನ್ನ ಹೊರಟುಹೋಗಿತ್ತು.

ಮುನ್ನವೇ ಎಚ್ಚೆತ್ತ ಕಡೆ ಫಲ ಬೇರೆಯಾಗಿತ್ತು. ಡ್ರೆಂಟೆ ಪ್ರಾಂತದ ನ್ಯೂವ್‌ಲಾಂಡೆ ಎ೦ಬ ಹಳ್ಳಿಯಲ್ಲಿ ರೈತ ಯೋಹಾನೆಸ್ ಪೋಸ್ಟ್, ಆರ್ನಾಲ್ಡ್ ಡೌವೆಸ್ ಮತ್ತು ಯೆಹೂದ್ಯ ತರುಣ ಮ್ಯಾಕ್ಸ್ ಲೇಯೋನ್ಸ್ ಇವರು ಮನೆಮನೆಯನ್ನೂ ಒಪ್ಪಿಸಿ ಯೆಹೂದ್ಯರನ್ನು ಇರಿಸಿದರು. ಊರಿನವರೆಲ್ಲರೂ ಪಾಲುಗಾರರಾದುದರಿಂದ ದೂರು ಕೊಡುವವರು ಉಳಿಯಲಿಲ್ಲ. ಯಾದ್ ವಾಶೇಮ್ ಸಂಸ್ಥೆಯು ಆ ಗ್ರಾಮವನ್ನೇ ಗೌರವಿಸಿದೆ.

ದೇಶದಲ್ಲಿ ಒಟ್ಟು ೨೫,೦೦೦ದಿಂದ ೨೮,೦೦೦ದವರೆಗೆ ಯೆಹೂದ್ಯರು ಅಡಗಿದರೆಂದೂ ಅವರಲ್ಲಿ ಸುಮಾರು ೧೬,೦೦೦ ಮಂದಿ ಉಳಿದರೆಂದೂ ಅಂದಾಜು. ಸಿಕ್ಕಿಬಿದ್ದವರಲ್ಲಿ ಅನೇಕರು ಹಣಕ್ಕೆ ಮಾರಾಟವಾದವರು. ೧೯೪೩ರಲ್ಲಿ ಹೆನ್ನೆಕೆ ಎಂಬಾತನ ಡಚ್ ತಂಡವು ತಲೆಯೊಂದಕ್ಕೆ ಏಳೂವರೆ ಗಿಲ್ಡರುಗಳ ಬಹುಮಾನ ಪಡೆದು ೮,೦೦೦ಕ್ಕೂ ಹೆಚ್ಚು ಯೆಹೂದ್ಯರನ್ನು ಹಿಡಿದುಕೊಟ್ಟಿತು. ಆಶ್ರಯವಿತ್ತವರಲ್ಲಿಯೂ ಮಿತಿಮೀರಿದ ಬಾಡಿಗೆ ಕೇಳಿದವರು, ಹಣ ಮುಗಿದೊಡನೆ ಹೊರಗಟ್ಟಿದವರು ಇದ್ದರು. ರಕ್ಷಕರ ಸ್ತುತಿಯಲ್ಲಿ ಇದನ್ನು ಮರೆಮಾಡುವುದು ರಕ್ಷಕರಿಗೇ ಅಪಚಾರ.

೭. ಹೋಲಿಕೆ ಮತ್ತು ಉಪಸಂಹಾರ

ಡೆನ್ಮಾರ್ಕಿನಲ್ಲಿ ೧೯೪೩ರ ಅಕ್ಟೋಬರಿನಲ್ಲಿ ಸುಮಾರು ೭,೨೦೦ ಯೆಹೂದ್ಯರು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನನ್ನು ಸೇರಿದರು. ಅಲ್ಲಿ ಸಂಖ್ಯೆ ಸಣ್ಣದು, ತಟಸ್ಥ ದೇಶ ಎದುರಿಗೇ ಇದ್ದಿತು, ಮೊದಲೇ ಸುದ್ದಿ ಹೊರಬಿದ್ದಿತ್ತು; ಮತ್ತು ಅಷ್ಟು ಹೊತ್ತಿಗೆ ಜರ್ಮನಿಯು ಸೋಲಬಹುದೆಂಬುದು ಜನರಿಗೆ ಕಂಡಿತ್ತು. ಬೆಲ್ಜಿಯಮ್ಮಿನ ಹೋಲಿಕೆ ಇನ್ನೂ ಉಪಯುಕ್ತವಾದುದು. ಅಲ್ಲಿನ ಯೆಹೂದ್ಯರಲ್ಲಿ ಹೆಚ್ಚಿನವರು ಹೊರದೇಶಗಳಿಂದ ಬಂದವರು. ಸರ್ಕಾರದ ಮೊಹರಿನಲ್ಲಿ ಅವರಿಗೆ ಅಂತಹ ನಂಬುಗೆ ಇರಲಿಲ್ಲ. ಗಡೀಪಾರು ಆರಂಭವಾದ ಕೆಲವೇ ವಾರಗಳಲ್ಲಿ, ೧೯೪೨ರ ಸೆಪ್ಟೆಂಬರಿನಲ್ಲಿ, ಯೆಹೂದ್ಯರೂ ಇತರರೂ ಕೂಡಿ ರಕ್ಷಣಾ ಸಮಿತಿಯೊಂದನ್ನು ರಚಿಸಿ ಮಕ್ಕಳನ್ನು ಚದುರಿಸತೊಡಗಿದರು. ಹಾಲೆಂಡಿನಲ್ಲಾದರೋ ದೇಶವ್ಯಾಪಿ ಜಾಲವು ಬಲಿಯುವ ಹೊತ್ತಿಗೆ ಗಡೀಪಾರು ಮುಗಿಯುತ್ತ ಬಂದಿತ್ತು.

ಆರಂಭದ ಪ್ರಶ್ನೆಗೆ ಈಗ ಮರಳಬಹುದು. ರಕ್ಷಕರ ಸಂಖ್ಯೆಯೂ ಮೃತರ ಸಂಖ್ಯೆಯೂ ಎರಡೂ ದೊಡ್ಡವಾದುದು ಹೇಗೆಂದರೆ, ಅವೆರಡೂ ಒಂದೇ ಸಮಾಜದ ಎರಡು ಅಭ್ಯಾಸಗಳಿಂದ ಹುಟ್ಟಿದುವು. ಹೇಳಿದ ಕೆಲಸವನ್ನು ತಪ್ಪಿಲ್ಲದೆ ಮಾಡುವುದು ಒಂದು. ಚರ್ಚು, ಕಾಲೇಜು, ಕಾರ್ಮಿಕ ಸಂಘಗಳಲ್ಲಿ ಒಂದುಗೂಡಿ ನೆರೆಯವನಿಗೆ ಆಗುವುದು ಇನ್ನೊಂದು. ಮೊದಲನೆಯದು ೧೯೪೧ರಲ್ಲಿಯೇ ಪೂರ್ಣವಾಗಿ ಕೆಲಸ ಮಾಡಿತು. ಎರಡನೆಯದಕ್ಕೆ ಎರಡು ವರ್ಷ ಹಿಡಿಯಿತು. ದಂಡಾಧಿಕಾರದ ಭಯ, ಭೂಗೋಳ, ನಾಗರಿಕ ಆಡಳಿತದ ಕ್ರೌರ್ಯ ಇವೆಲ್ಲವನ್ನೂ ಕಾರಣಗಳಲ್ಲಿ ಸೇರಿಸಲೇಬೇಕು. ಆದರೆ ಒಬ್ಬ ಗುಮಾಸ್ತನು ಒಂದು ಕಾರ್ಡನ್ನು ತೆಗೆದರೆ ಒಂದು ಮಗು ಉಳಿಯುತ್ತದೆಂಬುದನ್ನು ಪ್ಲಾಂಟಾಜದ ಶಿಶುವಿಹಾರವು ತೋರಿಸಿಕೊಟ್ಟಿತು. ಅಂತಹ ಗುಮಾಸ್ತರು ದೇಶದ ಪ್ರತಿ ನಗರಸಭೆಯಲ್ಲಿಯೂ ಇದ್ದರು.

ಯುದ್ಧ ಮುಗಿದ ಮೇಲೂ ಈ ಕಥೆ ಮುಗಿಯಲಿಲ್ಲ. ತಂದೆತಾಯಿಗಳಿಲ್ಲದ ಮಕ್ಕಳ ಹೊಣೆಯನ್ನು ತೀರ್ಮಾನಿಸಲು ೧೯೪೫ರಲ್ಲಿ ಸರ್ಕಾರವು ಒಂದು ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷೆ ಗೆಸಿನಾ ಫಾನ್ ಡೆರ್ ಮೋಲೆನ್ ಸ್ವತಃ ಮಕ್ಕಳನ್ನು ಕಾಪಾಡಿದ ಟ್ರೌ ಗುಂಪಿನವಳು. ಸಾಕಿದ ಕ್ರೈಸ್ತ ಮನೆಯಲ್ಲಿಯೇ ಮಗು ಉಳಿಯಬೇಕೋ, ಅಳಿದುಳಿದ ಯೆಹೂದ್ಯ ಸಮುದಾಯಕ್ಕೆ ಮರಳಬೇಕೋ ಎಂಬುದರ ಮೇಲೆ ಕಹಿಯಾದ ವಾದಗಳು ನಡೆದುವು. ನೂರಾರು ಮಕ್ಕಳು ಸಾಕಿದವರಲ್ಲಿಯೇ ಉಳಿದರು. ತಮ್ಮ ಮಗುವನ್ನು ಅಪರಿಚಿತರ ಕೈಗಿತ್ತ ತಾಯಂದಿರ ಬಯಕೆ ಏನಿದ್ದಿತೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಆಡಳಿತದ ಪಾಲನ್ನು ಒಪ್ಪಿಕೊಳ್ಳಲು ಹಾಲೆಂಡಿಗೆ ದೀರ್ಘಕಾಲ ಹಿಡಿಯಿತು. ಅಂದಿನ ಸರ್ಕಾರಿ ಯಂತ್ರದ ನಡತೆಗಾಗಿ ಪ್ರಧಾನಮಂತ್ರಿಯು ಸರ್ಕಾರದ ಪರವಾಗಿ ಕ್ಷಮೆ ಕೋರಿದುದು ೨೦೨೦ರ ಜನವರಿಯಲ್ಲಿ. ೨೦೨೧ರಲ್ಲಿ ಆಮ್‌ಸ್ಟರ್ಡಾಮಿನಲ್ಲಿ ೧,೦೨,೦೦೦ಕ್ಕೂ ಹೆಚ್ಚು ಹೆಸರುಗಳನ್ನು ಒಂದೊಂದು ಇಟ್ಟಿಗೆಯ ಮೇಲೆ ಒಂದೊಂದರಂತೆ ಕೆತ್ತಿದ ಸ್ಮಾರಕವು ಸಿದ್ಧವಾಯಿತು. ಫಾನ್ ಹುಲ್ಸ್ಟ್ ಅವರ ಹಳೆಯ ಕಾಲೇಜಿನ ಕಟ್ಟಡದಲ್ಲಿ ೨೦೨೪ರ ಮಾರ್ಚಿನಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವೊಂದು ತೆರೆಯಿತು. ಬೇಲಿಯ ಮೇಲಿಂದ ಮಕ್ಕಳನ್ನು ದಾಟಿಸಿದ ಸ್ಥಳವನ್ನು ಅಲ್ಲಿಗೆ ಹೋದವರು ಈಗ ನೋಡಬಹುದು. ಬೀದಿಯ ಆಚೆಗೆ ನಾಟಕಶಾಲೆಯ ಮುಂಭಾಗವೂ ಹಾಗೆಯೇ ನಿಂತಿದೆ. ನಡುವೆ ಇರುವುದು ಒಂದು ಟ್ರಾಮಿನ ದಾರಿಯಷ್ಟೇ ಅಗಲ.